ಎರಡನೇ ಸರ್ಜರಿ: ಅವಸರ ಯಾರದ್ದು?

ನಮ್ಮ ಕಾಲೇಜಲ್ಲಿ 'ಬ್ಯಾಕ್' ಅಂದ್ರೆ ನೆನಪಾಗೋದು ಬ್ಯಾಕ್‌ಲಾಗ್. ನಮ್ಮ ಹಾಸ್ಟೆಲ್ ಗೆಳೆಯನೊಬ್ಬನಿಗೆ ಮಾತ್ರ ಅದು ನಿಜವಾದ ಬೆನ್ನು. ಎರಡನೇ ವರ್ಷದಲ್ಲಿ ಅವನಿಗೆ ಸೊಂಟದ ಡಿಸ್ಕ್ ಸರ್ಜರಿ ಆಯ್ತು. ಒಂದು ವರ್ಷ ಚೆನ್ನಾಗೇ ಇದ್ದ. ಈಗ ಏಳನೇ ಸೆಮ್‌ನಲ್ಲಿ ನೋವು ಮತ್ತೆ ಶುರುವಾಗಿದೆ. ಹೊಸ ಎಂಆರ್‌ಐಯಲ್ಲಿ ಅದೇ ಜಾಗದಲ್ಲಿ 'ಡಿಸ್ಕ್ ಬಲ್ಜ್' ಅಂತ ಬಂದಿದೆ. ಒಬ್ಬ ಡಾಕ್ಟರ್ ಮತ್ತೆ ಆಪರೇಷನ್ ಮಾಡೋಣ ಅಂದರು, ಇನ್ನೊಬ್ಬರು ಸ್ವಲ್ಪ ಕಾಯೋಣ ಅಂದರು. ಅವನು ರಿಪೋರ್ಟ್ ಹಿಡ್ಕೊಂಡು ನಮ್ಮ ರೂಮಿಗೆ ಬಂದ.

ನಾವು ಎಂಜಿನಿಯರ್‌ಗಳಲ್ವಾ, ತಕ್ಷಣ ಪರಿಹಾರ ಕೊಟ್ಟೆವು: "ಮಾಡಿಸ್ಕೊಂಡ್ಬಿಡು ಮಗಾ, ಪ್ಲೇಸ್‌ಮೆಂಟ್ ಶುರುವಾಗೋದ್ರೊಳಗೆ ಎದ್ದು ಓಡಾಡ್ತೀಯ." ಆಮೇಲೆ ಯೋಚಿಸಿದರೆ ಆ ಮಾತಲ್ಲಿ ಅವನ ಬೆನ್ನಿನ ವಿಷಯವೇ ಇರಲಿಲ್ಲ. ಇದ್ದದ್ದು ಪ್ಲೇಸ್‌ಮೆಂಟ್ ಕ್ಯಾಲೆಂಡರ್ ಮಾತ್ರ.

ಕೆಟ್ಟ ಪಾರ್ಟ್ ಹುಡುಕು, ತೆಗೆದುಹಾಕು ಅನ್ನೋದು ನಮಗೆ ಲ್ಯಾಬ್ ಕಲಿಸಿದ ಅಭ್ಯಾಸ. ಬೆನ್ನು ಹಾಗೆ ಕೆಲಸ ಮಾಡಲ್ಲ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಒಂದು ಅಧ್ಯಯನದ ಪ್ರಕಾರ, 20ರ ವಯಸ್ಸಿನವರಲ್ಲೇ ಸುಮಾರು ಶೇ. 30 ಜನರಿಗೆ ಡಿಸ್ಕ್ ಬಲ್ಜ್ ಇರುತ್ತೆ. ಅಂದರೆ ನಮ್ಮ ಮೆಸ್ ಟೇಬಲ್‌ನಲ್ಲಿ ಕೂತ ಹತ್ತು ಜನರಲ್ಲಿ ಮೂವರಿಗೆ ಗೊತ್ತಿಲ್ಲದೇ ಇರಬಹುದು. ಹಾಗಾಗಿ ರಿಪೋರ್ಟ್‌ನಲ್ಲಿ ಬಲ್ಜ್ ಕಂಡಿತು ಅಂದಮಾತ್ರಕ್ಕೆ ನೋವಿಗೆ ಅದೇ ಕಾರಣ ಅಂತ ಹೇಳೋಕಾಗಲ್ಲ.

ಇನ್ನೊಂದು ವಿಷಯ. ಇವನಿಗೆ ಆದಂಥ ಸರ್ಜರಿ ಡಿಸ್ಕನ್ನು ಹೊಸದು ಮಾಡಲ್ಲ. ನರವನ್ನು ಒತ್ತುತ್ತಿರುವ ತುಂಡನ್ನು ತೆಗೆಯುತ್ತೆ, ಅಷ್ಟೇ. ಅದಕ್ಕೇ ಕಾಲಿಗೆ ಇಳಿಯೋ ನೋವಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತೆ, ಬರೀ ಸೊಂಟನೋವಿಗೆ ಅಷ್ಟು ನಂಬೋಕಾಗಲ್ಲ. 2007ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಕಾಲುನೋವಿದ್ದ 283 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಬೇಗ ಸರ್ಜರಿ ಆದವರಿಗೆ ಬೇಗ ಆರಾಮಾಯ್ತು. ವರ್ಷದ ಹೊತ್ತಿಗೆ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ ಕಡೆ ಬಂದು ನಿಂತಿದ್ದವು. ಕಾದವರಲ್ಲಿ ಶೇ. 39 ಜನ ಕೊನೆಗೆ ಸರ್ಜರಿ ಮಾಡಿಸಿಕೊಂಡರು ಅನ್ನೋದೂ ನಿಜ.

ಅದು ಮೊದಲ ಸರ್ಜರಿಯ ಮಾತು. ಎರಡನೆಯದರಲ್ಲಿ ಹಳೇ ಗಾಯದ ಕಲೆ ನರಕ್ಕೆ ಅಂಟಿಕೊಂಡಿರಬಹುದು, ನರದ ಹೊದಿಕೆ ಹರಿಯೋ ಅಪಾಯ ಜಾಸ್ತಿ. ಹಾಗಂತ ಎರಡನೇ ಸರ್ಜರಿಯೇ ತಪ್ಪು ಅಂತಲ್ಲ. ಗಾಲ್ಫ್ ಆಟಗಾರ ಟೈಗರ್ ವುಡ್ಸ್ 2017ರಲ್ಲಿ ನಾಲ್ಕನೇ ಬೆನ್ನಿನ ಸರ್ಜರಿ ಮಾಡಿಸ್ಕೊಂಡು 2019ರಲ್ಲಿ ಮಾಸ್ಟರ್ಸ್ ಗೆದ್ದರು. ಅದಾದ ಮೇಲೂ ಅವರು ಬೆನ್ನಿಗೆ ಮತ್ತೆ ಆಪರೇಷನ್ ಮಾಡಿಸ್ಕೊಳ್ಳಬೇಕಾಯ್ತು. ಉದಾಹರಣೆ ಎರಡೂ ಕಡೆಗೆ ಸಿಗುತ್ತೆ.

ಈ ಸಲ ನಾವು ಸಲಹೆ ಕೊಡೋದು ಬಿಟ್ಟು ಅವನ ಜೊತೆ ಕೂತು ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ ಬರೆದೆವು. ನೋವು ಸೊಂಟದಲ್ಲಾ, ಕಾಲಲ್ಲಾ? ಸ್ಕ್ಯಾನ್‌ನಲ್ಲಿ ಕಾಣೋ ನರವೂ ನೋಯುವ ಕಾಲೂ ಹೊಂದುತ್ತವಾ? ಇದು ಮತ್ತೆ ಹೊರಬಂದ ಡಿಸ್ಕಾ, ಹಳೇ ಕಲೆಯಾ? (ಕಾಂಟ್ರಾಸ್ಟ್ ಎಂಆರ್‌ಐ ಇದಕ್ಕೇ ಇರೋದು.) ಮೊದಲಿನ ಥರದ್ದೇ ಸರ್ಜರಿನಾ, ಮೂಳೆ ಜೋಡಿಸೋ ಫ್ಯೂಷನ್ನಾ? ಮೂರು ತಿಂಗಳು ಫಿಸಿಯೋಥೆರಪಿ ಮಾಡಿ ಕಾದರೆ ಏನು ಕಳ್ಕೋತೀನಿ?

ಒಂದು ಎಚ್ಚರಿಕೆ ಮಾತ್ರ ಗೋಡೆ ಮೇಲೆ ಅಂಟಿಸಿದ್ದೇವೆ: ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಕಾಲಿನ ಬಲ ಕುಂದುತ್ತಾ ಹೋದರೆ ಕಾಯೋ ಮಾತೇ ಇಲ್ಲ. ಅದೇ ರಾತ್ರಿ ಆಸ್ಪತ್ರೆ.

ಅಂಥದ್ದೇನೂ ಇಲ್ಲದಿದ್ದರೆ ಸಮಯ ಇದೆ. ಆದರೆ ಆ ಸಮಯ ಅವನಿಗೆ ಸಿಗೋ ಹಾಗೆ ಮಾಡೋದು ನಮ್ಮೆಲ್ಲರ ಕೆಲಸ. ಅಟೆಂಡೆನ್ಸ್ ಕೊರತೆ ಅಂತ ಡಿಪಾರ್ಟ್‌ಮೆಂಟ್ ಹೆದರಿಸಬಾರದು. ಹಿಂದಿನ ಬೆಂಚ್ ಪಕ್ಕ ನಿಂತು ಪಾಠ ಕೇಳ್ತೀನಿ ಅಂದರೆ ಲೆಕ್ಚರರ್ ಬಿಡಬೇಕು. ಅವನ ಬ್ಯಾಗ್ ನಾವು ಹೊರಬೇಕು. 'ಇನ್ನೂ ಮಾಡಿಸ್ಕೊಂಡಿಲ್ವಾ?' ಅಂತ ದಿನಾ ಕೇಳಬಾರದು.

ಅವನಿನ್ನೂ ನಿರ್ಧಾರ ಮಾಡಿಲ್ಲ. ಮುಂದಿನ ವಾರ ಪ್ರಶ್ನೆಗಳ ಹಾಳೆ ತಗೊಂಡು ಅಪ್ಪನ ಜೊತೆ ಹೋಗ್ತಿದ್ದಾನೆ. ಅವನು ಮಾಡಿಸ್ಕೊಂಡರೂ ಸರಿ, ಬಿಟ್ಟರೂ ಸರಿ, ನಾವು ಜೊತೆಗಿರ್ತೀವಿ. ಕಂಪನಿಗಳು ಮುಂದಿನ ವರ್ಷವೂ ಬರುತ್ತವೆ. ಬೆನ್ನು ಇರೋದು ಒಂದೇ.