ಬತ್ತಿದ ಬಾವಿಗೂ ಒಂದು ಸಾಲು ಕೊಡಿ

ಮಾನ್ಯ ಸಣ್ಣ ನೀರಾವರಿ ಮತ್ತು ಅಂತರ್ಜಲ ಅಭಿವೃದ್ಧಿ ಸಚಿವರಿಗೆ,



ಕೋಲಾರ ಜಿಲ್ಲೆಯ ನಮ್ಮ ಹೊಲದಲ್ಲಿ ತಾತ ತೋಡಿಸಿದ, ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಪಿಲೆ ಬಾವಿಯೊಂದಿದೆ. ಒಳಗೋಡೆಗೆ ಚಪ್ಪಡಿ ಮೆಟ್ಟಿಲು. ಎಷ್ಟು ಮೆಟ್ಟಿಲು ಹೊರಗೆ ಕಾಣುತ್ತವೆ ಅಂತ ನೋಡಿ, ಭತ್ತ ಹಾಕುವುದೋ ರಾಗಿಗೇ ನಿಲ್ಲಿಸುವುದೋ ತಾತ ತೀರ್ಮಾನಿಸುತ್ತಿದ್ದರು. ಸಂಜೆ ಎತ್ತು ಬಿಚ್ಚಿದ ಮೇಲೆ ರಾತ್ರಿಯೆಲ್ಲ ಊರಿದ ನೀರು ಬೆಳಗಿನ ಹೊತ್ತಿಗೆ ಹಳೇ ಮೆಟ್ಟಿಲಿಗೆ ಬಂದಿರುತ್ತಿತ್ತು. ಒಂದು ವರ್ಷ ಅಷ್ಟು ಊರಲು ಎರಡು ರಾತ್ರಿ ಬೇಕಾಯಿತು. “ಬಾವಿಗೆ ಸುಸ್ತಾಗ್ತಾ ಇದೆ ಕಣಪ್ಪ” ಅಂದರಂತೆ. ಆಗಿನ್ನೂ ಎರಡಾಳು ನೀರಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಡಚ್ ವಿಜ್ಞಾನಿ ಮಾರ್ಟೆನ್ ಶೆಫರ್ ಮತ್ತು ಸಂಗಡಿಗರು 2009ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಾತ ಅಂದದ್ದಕ್ಕೆ ತೀರಾ ಹತ್ತಿರದ ಮಾತು ಬರೆದರು. ಕೆರೆಯೋ ಹವಾಮಾನವೋ, ಇಂಥ ಹಲವು ವ್ಯವಸ್ಥೆಗಳು ಮಗುಚುವ ಮುನ್ನ ಸಣ್ಣ ಪೆಟ್ಟಿನಿಂದ ಚೇತರಿಸಿಕೊಳ್ಳಲೂ ಹೆಚ್ಚು ಹೊತ್ತು ಹಿಡಿಯುತ್ತವೆ. ನಾವು ಅಳೆಯುವುದು ಮಾತ್ರ ನೀರು ಎಷ್ಟು ಅಡಿಯಲ್ಲಿದೆ ಅನ್ನುವುದನ್ನೇ.

ಬೋರ್‌ವೆಲ್ ಬಂದ ಮೇಲೆ ಮೆಟ್ಟಿಲಿನ ಲೆಕ್ಕವೂ ಹೋಯಿತು. ಆರೂವರೆ ಇಂಚಿನ ತೂತಿನಲ್ಲಿ ಇಣುಕಿ ನೋಡುವುದೇನನ್ನು? ನೀರು ಇಳಿದರೆ ಇನ್ನೆರಡು ಪೈಪು ಇಳಿಸುತ್ತೇವೆ, ಮೇಲೆ ಅದೇ ಎರಡಿಂಚು ನೀರು ಬೀಳುತ್ತದೆ. ಆಳದಿಂದ ಎತ್ತಿದಷ್ಟೂ ಕರೆಂಟು ಹೆಚ್ಚು ಬೇಕು, ಆದರೆ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ. ನಮ್ಮಂಥವರಿಗೆ ಆ ಉಚಿತ ಕರೆಂಟು ಅನ್ನ ಕೊಟ್ಟಿದೆ, ತೆಗೆಯಿರಿ ಅನ್ನಲಾರೆ. ನೀರು ಇಳಿದ ಸುದ್ದಿ ಮನೆಗೆ ಬರುವ ಒಂದು ದಾರಿ ಹಾಗೆ ಮುಚ್ಚಿತು ಅನ್ನುವುದೂ ನಿಜ.

ನೆಲವೂ ಮೋಸ ಮಾಡುತ್ತದೆ. ನಮ್ಮದು ಗಟ್ಟಿ ಕಲ್ಲಿನ ಸೀಮೆ. ಮೇಲಿನ ಶಿಥಿಲ ಪದರ ಸ್ಪಂಜಿನ ಹಾಗೆ ನೀರು ಹಿಡಿದಿರುತ್ತದೆ. ಅದರ ಕೆಳಗೆ ಇರುವುದು ಬಂಡೆ, ಬಂಡೆಯಲ್ಲಿ ಬಿರುಕು, ಬೋರಿನವರ ಬಾಯಲ್ಲಿ ‘ಗ್ಯಾಪು’. ಬಿರುಕಿನಲ್ಲಿ ಎಷ್ಟು ನೀರು ನಿಂತೀತು? ಮೇಲಿನ ಪದರ ಬರಿದಾಗುವ ತನಕ ಮಟ್ಟ ಮೆಲ್ಲಗೆ ಇಳಿಯುತ್ತದೆ. ಆಮೇಲೆ ಅಷ್ಟೇ ನೀರೆತ್ತಿದರೂ ಸರಸರ ಕೆಳಗೆ ಹೋಗುತ್ತದೆ. ಹತ್ತು ವರ್ಷದ ಅಂಕಿ ಹಿಡಿದು ಹನ್ನೊಂದನೆಯದನ್ನು ಊಹಿಸುವವರು ಎಡವುವುದು ಇಲ್ಲೇ.

ಸ್ವಾಮಿ, ನಾನು ಈ ಪತ್ರ ಬರೆಯುತ್ತಿರುವುದು ಇನ್ನೊಂದು ಕಾರಣಕ್ಕೆ. ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ ವೀಕ್ಷಣಾ ಬಾವಿಗಳನ್ನು ಅಳೆಯುತ್ತದೆ. ಬಾವಿ ಬತ್ತಿದರೆ ಅಳೆಯಲು ನೀರೇ ಇಲ್ಲ, ಆ ಜಾಗ ಖಾಲಿ ಬೀಳುತ್ತದೆ. ವಿಶ್ಲೇಷಣೆಗೆ ಕೂತವರು ಖಾಲಿ ಜಾಗವಿರುವ ಬಾವಿಯನ್ನು ಬದಿಗಿಟ್ಟು, ಪೂರ್ತಿ ಅಂಕಿಯಿರುವುದನ್ನು ಆರಿಸಿಕೊಳ್ಳುತ್ತಾರೆ. ಅಂದರೆ ಬದುಕುಳಿದ ಬಾವಿಗಳ ಸರಾಸರಿ ತೆಗೆಯುತ್ತಾರೆ. ಇತ್ತ ರೈತರ ಬೋರು ಸಾಲುಸಾಲಾಗಿ ಫೇಲಾಗುತ್ತಿದ್ದಾಗಲೇ ದಕ್ಷಿಣ ಭಾರತದ ಅಂತರ್ಜಲ ಚೇತರಿಸುತ್ತಿದೆ ಎಂಬ ವರದಿಗಳು ಬಂದವು. ತೇಜಸ್ವಿ ಹೋರಾ, ವೀಣಾ ಶ್ರೀನಿವಾಸನ್, ನಂದಿತಾ ಬಸು 2019ರಲ್ಲಿ ಈ ಎಡವಟ್ಟನ್ನು ಬಿಡಿಸಿ ತೋರಿಸಿದರು. ಆ ಪ್ರಬಂಧ ಓದಿದ ದಿನ ನನಗೆ ತಾತನ ಬಾವಿ ಕಣ್ಣಮುಂದೆ ಬಂತು. ಅತಿ ಹೆಚ್ಚು ಹೇಳಬಲ್ಲ ಸಾಕ್ಷಿಯನ್ನೇ ಲೆಕ್ಕದಿಂದ ಬಿಟ್ಟಿದ್ದೇವಲ್ಲ!

ಬತ್ತಿದ ಬಾವಿಯ ಎದುರು ಖಾಲಿ ಬಿಡದೆ ‘ಬತ್ತಿದೆ’ ಎಂದು ತಾರೀಕು, ತಳದ ಆಳ ಸಮೇತ ಬರೆಸಿ. ತಾಲ್ಲೂಕಿನ ಸರಾಸರಿಯ ಪಕ್ಕದಲ್ಲೇ ಎಷ್ಟು ಬಾವಿ ಬತ್ತಿದವು ಅನ್ನುವುದನ್ನೂ ಪ್ರಕಟಿಸಿ. ಮೋಟಾರು ನಿಲ್ಲಿಸಿದ ಮೇಲೆ ನೀರು ಮೇಲೇರಲು ಎಷ್ಟು ಹೊತ್ತು ಹಿಡಿಯಿತು ಎಂದು ಹೋಬಳಿಗೆ ನಾಲ್ಕು ಕಡೆಯಾದರೂ ಅಳೆಸಿ. ಮೋಟಾರು ಎತ್ತುವ ಹುಡುಗರನ್ನೂ ಕೇಳಿ. ಈ ವರ್ಷ ಯಾವ ಊರಲ್ಲಿ ಎಷ್ಟು ಪೈಪು ಇಳಿಸಿದೆವು ಅನ್ನುವುದು ಅವರಿಗೆ ಬಾಯಿಪಾಠ. ಅದನ್ನು ಬರೆದುಕೊಳ್ಳುವವರು ಮಾತ್ರ ಯಾರೂ ಇಲ್ಲ.

ನಮ್ಮ ಬಾವಿಯೊಳಗೆ ಈಗ ಜಾಲಿ ಬೆಳೆದಿದೆ. ಮೂವತ್ತೆಂಟು ಮೆಟ್ಟಿಲೂ ಕಾಣುತ್ತವೆ. ನಿಮ್ಮ ಸಿಬ್ಬಂದಿ ಬಂದರೆ ನಾನೇ ಇಳಿದು ಟೇಪು ಹಿಡಿಯುತ್ತೇನೆ.

ಇತಿ ನಮಸ್ಕಾರಗಳು,
ಕೋಲಾರ ಜಿಲ್ಲೆಯ ಒಬ್ಬ ರೈತ