ಸುಭಾಷಿತಗಳು ಗೋಡೆಗಷ್ಟೇ ಏಕೆ?

ನಮ್ಮ ಶ್ರಾವಕರ ಮನೆಗಳಲ್ಲಿ ಇಂದು ಹಿತವಚನಗಳಿಗೆ ಬರವಿಲ್ಲ. ದಿನದರ್ಶಿಕೆಯ ಹಾಳೆಗೊಂದು, ಬಸದಿಯ ಕಂಬಕ್ಕೊಂದು, ಲಗ್ನಪತ್ರಿಕೆಯ ತಲೆಗೊಂದು. ಬೆಳಗಾಗುವಷ್ಟರಲ್ಲಿ ಮೊಬೈಲ್ ಫೋನಿಗೆ ಹತ್ತಾರು. ಇಷ್ಟೊಂದು ಸದ್ವಚನಗಳ ನಡುವೆ ಬದುಕುವ ಸಮಾಜದಲ್ಲಿ ನಡತೆಯ ದೋಷಗಳು ಎಂದೋ ಕ್ಷೀಣಿಸಿರಬೇಕಾಗಿತ್ತು. ಹಾಗಾಗಿಲ್ಲವೆಂಬುದನ್ನು ನಾವೆಲ್ಲರೂ ಬಲ್ಲೆವು. ತಪ್ಪು ವಚನಗಳದ್ದಲ್ಲ, ಅವನ್ನು ನಾವು ಇರಿಸುವ ಸ್ಥಳದ್ದೆಂಬುದೇ ಈ ಲೇಖನದ ವಾದ.

ನನ್ನ ಪ್ರಾಯದ ಕೆಲವು ವರ್ಷಗಳು ಯಡ್ರಾಮಿಯ ಕಡೆಯ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವುದರಲ್ಲಿ ಕಳೆದವು. ಯಡ್ರಾಮಿಯು ಆಗಿನ್ನೂ ಜೇವರ್ಗಿ ತಾಲ್ಲೂಕಿಗೇ ಸೇರಿತ್ತು. ಗಾದಿಯ ಹಿಂದಿನ ಗೋಡೆಯಲ್ಲಿ, ಗಾಜಿನ ಚೌಕಟ್ಟಿನೊಳಗೆ, ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಫಲಕವಿತ್ತು. ಅದರ ಕೆಳಗೆ ಕುಳಿತು ನಾನು ರೈತರ ತೊಗರಿಯಲ್ಲಿ ಕ್ವಿಂಟಲಿಗೆ ಎರಡು ಕಿಲೋ ‘ಸೂಟು’ ಮುರಿದು ಬರೆಯುತ್ತಿದ್ದೆ. ತೇವ, ಕಸ, ಚೀಲದ ತೂಕವೆಂದು ಕಾರಣಗಳಿದ್ದವು. ಚೀಲದ ತೂಕವನ್ನು ಮೊದಲೇ ಬೇರೆಯಾಗಿ ಕಳೆದಿರುತ್ತಿದ್ದೆವೆಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ಮನೆತನದವರು ರಾತ್ರಿಭೋಜನ ತ್ಯಜಿಸಿದ್ದವರು, ನೀರನ್ನು ಸೋಸದೆ ಕುಡಿಯದವರು. ಅವರನ್ನು ವಂಚಕರೆಂದು ನಾನು ಇಂದಿಗೂ ಕರೆಯಲಾರೆ. ಲೇಖನಿ ಹಿಡಿದಿದ್ದ ಕೈ ನನ್ನದೇ ಆಗಿತ್ತಲ್ಲವೆ? ಫಲಕಕ್ಕೂ ತಕ್ಕಡಿಗೂ ಸಂಬಂಧವಿದೆಯೆಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಆಚಾರ್ಯ ಉಮಾಸ್ವಾಮಿಗಳು ಆ ಸಂಬಂಧವನ್ನು ಎಂದೋ ತೋರಿಸಿಕೊಟ್ಟಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ವ್ರತಗಳ ಹೆಸರು ಹೇಳಿ ಸುಮ್ಮನಾಗುವುದಿಲ್ಲ. ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಎಣಿಸುತ್ತದೆ. ಅಚೌರ್ಯದ ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ವಿದೆ, ಅಂದರೆ ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು. ‘ಪ್ರತಿರೂಪಕವ್ಯವಹಾರ’ವೂ ಇದೆ, ಅಂದರೆ ಕಲಬೆರಕೆಯ ವ್ಯಾಪಾರ. ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನಮ್ಮ ತೊಗರಿಬೇಳೆಯ ಹೆಸರಿನಲ್ಲಿ ಅಗ್ಗದ ಬೇಳೆಯನ್ನು ಬೆರೆಸಿ ಮಾರುವವನು ಇದಕ್ಕೆ ವ್ಯಾಖ್ಯಾನವನ್ನು ಹುಡುಕಬೇಕಾಗಿಲ್ಲ. ಅಹಿಂಸೆಯ ಅತಿಚಾರಗಳಲ್ಲಿ ಕೊಲೆಯ ಮಾತೇ ಇಲ್ಲವೆಂಬುದನ್ನು ಗಮನಿಸಬೇಕು. ಕಟ್ಟುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ವಯಸ್ಕ ಪುರುಷನೊಬ್ಬ ಕೈಯಾರೆ ಸಾಗಿಸುವ ಭಾರವು ೫೫ ಕಿಲೋ ಮೀರಬಾರದೆಂದು ಶಿಫಾರಸು ಮಾಡಿದ್ದು ೧೯೬೭ರಲ್ಲಿ. ನಮ್ಮ ಅಂಗಡಿಯ ಹಮಾಲರು ಅದಾದ ಎಷ್ಟೋ ವರ್ಷಗಳ ಮೇಲೂ ಕ್ವಿಂಟಲ್ ತೂಕದ ಚೀಲಗಳನ್ನು ಬೆನ್ನ ಮೇಲೆ ಹೊತ್ತರು. ಹೊತ್ತು ನಡೆದದ್ದು ಆ ಫಲಕದ ಮುಂದಿನಿಂದಲೇ.

ಫಲಕದ ಆ ಮಾತು ಮಹಾಭಾರತದ ಅನುಶಾಸನಪರ್ವದಲ್ಲಿಯೂ ಬರುತ್ತದೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ತಿಳಿದಿದೆ? ಕೇಳುವ ಅಭ್ಯಾಸವೇ ನಮ್ಮಿಂದ ತಪ್ಪಿಹೋಗಿದೆ. ನಮ್ಮ ಆಚಾರ್ಯರು ಸ್ವಾಧ್ಯಾಯಕ್ಕೆ ಐದು ಅಂಗಗಳನ್ನು ಹೇಳಿದ್ದಾರೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದಬೇಕು, ಪ್ರಶ್ನಿಸಬೇಕು, ಮನಸ್ಸಿನಲ್ಲಿ ಮಥಿಸಬೇಕು, ಶುದ್ಧವಾಗಿ ಪಠಿಸಬೇಕು. ಪರರಿಗೆ ಉಪದೇಶಿಸುವುದು ಐದನೆಯದು. ನಾವಾದರೋ ಐದನೆಯದರಿಂದಲೇ ಆರಂಭಿಸಿ ಅಲ್ಲಿಯೇ ಮುಗಿಸುತ್ತಿದ್ದೇವೆ. ಓದಿ ಪೂರೈಸುವ ಮೊದಲೇ ವಚನವನ್ನು ಮುಂದಿನವರಿಗೆ ರವಾನಿಸುವ ಬೆರಳಿಗೆ ಅನುಪ್ರೇಕ್ಷೆಯ ವ್ಯವಧಾನವೆಲ್ಲಿಯದು?

ನಮ್ಮದೇ ಜಿಲ್ಲೆಯ ಮಳಖೇಡದಲ್ಲಿ, ಅಂದಿನ ಮಾನ್ಯಖೇಟದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಆಳಿದನು. ಅವನದೆಂದು ಹೇಳಲಾಗುವ ‘ಪ್ರಶ್ನೋತ್ತರರತ್ನಮಾಲಿಕೆ’ಯು ಪುಟ್ಟ ನೀತಿಗ್ರಂಥ, ಟಿಬೆಟ್ಟಿನ ಭಾಷೆಗೂ ಅದು ಅನುವಾದವಾಗಿತ್ತು. ಅದರಲ್ಲಿ ಪ್ರತಿಯೊಂದು ನೀತಿಯೂ ಒಂದು ಪ್ರಶ್ನೆಯ ಬೆನ್ನಿಗೇ ಬರುತ್ತದೆ. ವಿವೇಕದಿಂದ ರಾಜ್ಯವನ್ನು ತ್ಯಜಿಸಿದ ಅರಸನು ಇದನ್ನು ರಚಿಸಿದನೆಂದು ಕೃತಿಯ ಕೊನೆಯಲ್ಲಿ ಹೇಳಿದೆ. ನಾವು ಆ ಪರಂಪರೆಯಿಂದ ಉತ್ತರಗಳನ್ನಷ್ಟೇ ಕಿತ್ತುಕೊಂಡು ಚೌಕಟ್ಟು ಹಾಕಿಸಿದ್ದೇವೆ.

“ಗೋಡೆಯ ಮೇಲಿದ್ದರೆ ಕಣ್ಣಿಗಾದರೂ ಬೀಳುತ್ತದೆ, ಮಕ್ಕಳಿಗಾದರೂ ಸಂಸ್ಕಾರವಾಗುತ್ತದೆ” ಎನ್ನುವ ಹಿರಿಯರಿದ್ದಾರೆ. ಅವರ ಸದುದ್ದೇಶವನ್ನು ಗೌರವಿಸುತ್ತೇನೆ, ಆದರೆ ಒಪ್ಪುವುದಿಲ್ಲ. ನಿತ್ಯವೂ ಕಣ್ಣಿಗೆ ಬೀಳುವುದನ್ನು ಕಣ್ಣು ಕಾಣುವುದನ್ನೇ ಬಿಡುತ್ತದೆ. ಮಕ್ಕಳಂತೂ ಫಲಕವನ್ನೂ ನೋಡುತ್ತಾರೆ, ಅದರ ಕೆಳಗೆ ನಡೆಯುವುದನ್ನೂ ನೋಡುತ್ತಾರೆ. ಎರಡನ್ನೂ ಒಟ್ಟಿಗೆ ಕಲಿಯುತ್ತಾರೆ. ದಶಲಕ್ಷಣಪರ್ವದ ಬಳಿಕ ಬರುವ ಕ್ಷಮಾವಣಿಯಂದು ಏನಾಗುತ್ತಿದೆ ನೋಡಿರಿ. ಒಂದೇ ಸಂದೇಶ ಮುನ್ನೂರು ಜನರಿಗೆ ಹೋಗುತ್ತದೆ. ಹೊಲದ ಬದುವಿಗಾಗಿ ಕೋರ್ಟಿನಲ್ಲಿ ಎದುರಾಳಿಯಾಗಿ ನಿಂತ ಒಡಹುಟ್ಟಿದವನ ಮನೆಗೆ ಮಾತ್ರ ಯಾರೂ ಹೋಗುವುದಿಲ್ಲ. ಕ್ಷಮೆ ಬೇಡಬೇಕಾದದ್ದು ಆ ಒಬ್ಬನಲ್ಲಿ.

ಬಸದಿಗಳ ಟ್ರಸ್ಟುಗಳಿಗೆ ನನ್ನ ವಿನಂತಿಯಿದು. ವರ್ಷಕ್ಕೆ ಮುನ್ನೂರರವತ್ತೈದು ವಚನಗಳು ಬೇಡ. ಚಾತುರ್ಮಾಸಕ್ಕೆ ಒಂದೇ ಒಂದು ಸಾಕು. ಅದನ್ನು ಗೋಡೆಗೆ ಬರೆಸದೆ ಜಮಾಖರ್ಚಿನ ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ. ಆಡಳಿತ ಸಭೆಯಲ್ಲಿ ಲೆಕ್ಕ ಓದುವ ಮೊದಲು ಅದನ್ನು ಓದಿ, ಈ ತಿಂಗಳ ಯಾವ ಬಾಬತ್ತಿಗೆ ಇದು ತಗಲುತ್ತದೆಂದು ಕೇಳಿರಿ. ಪ್ರತಿಕ್ರಮಣದಲ್ಲಿ ನಾವು ಮಾಡಬೇಕಾದ ಕೆಲಸವೇ ಇದು, ಹೊಸದೇನಲ್ಲ. ವರ್ತಕರು ಮನೆಯಲ್ಲಿ, ಅಂಗಡಿಯಲ್ಲಿ ಹೀಗೆಯೇ ಮಾಡಬಹುದು. ಮೊದಲ ತಿಂಗಳು ಮುಜುಗರವಾದೀತು; ಆಗಲಿ.

ಅನ್ನಪಾನನಿರೋಧವೆಂದರೆ ದನಕರುಗಳ ವಿಷಯವೆಂದು ಕೆಲವರು ಭಾವಿಸಿದ್ದಾರೆ. ಬಸದಿಯ ಕಾವಲುಗಾರನಿಗೆ, ಕಸ ಗುಡಿಸುವ ಹೆಣ್ಣುಮಗಳಿಗೆ ತಿಂಗಳುಗಟ್ಟಲೆ ಸಂಬಳವನ್ನು ತಡೆಹಿಡಿದರೆ ಅವರ ಮನೆಯಲ್ಲಿ ತಡೆಯಲ್ಪಡುವುದು ಏನು? ಮುಂದಿನ ವರ್ಷದ ದಿನದರ್ಶಿಕೆಯನ್ನು ಮುದ್ರಣಕ್ಕೆ ಕಳುಹಿಸುವ ಮೊದಲು, ಅದರ ವೆಚ್ಚದಲ್ಲಿ ಇವರ ಎಷ್ಟು ತಿಂಗಳ ಬಾಕಿ ತೀರುತ್ತದೆಂಬುದನ್ನು ಕೋಶಾಧ್ಯಕ್ಷರು ಸಭೆಗೆ ತಿಳಿಸಲಿ.