ಯಂತ್ರೋದ್ಯಮ ಮತ್ತು ಕೀಲೆಣ್ಣೆಯ ಪ್ರಶ್ನೆ

ಸಿರಸಂಗಿಯ ಹೆಸರನ್ನು ಕೇಳಿದೊಡನೆ ನಾಡಿನ ಜನಕ್ಕೆ ಎರಡು ಸಂಗತಿಗಳು ನೆನಪಾಗುತ್ತವೆ. ಒಂದು, ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗೆ ಮುಡಿಪಾಗಿಟ್ಟು 1906ರಲ್ಲಿ ಲಿಂಗೈಕ್ಯರಾದ ತ್ಯಾಗವೀರ ಲಿಂಗರಾಜ ದೇಸಾಯಿಯವರು. ಇನ್ನೊಂದು, ಕಂಬಾರ, ಬಡಿಗ, ಅಕ್ಕಸಾಲಿಗರೇ ಮೊದಲಾದ ಕಸುಬುದಾರರು ಭಕ್ತಿಯಿಂದ ನಡೆದುಕೊಳ್ಳುವ ಕಾಳಿಕಾದೇವಿಯ ಗುಡಿ. ವಿದ್ಯೆಯೂ ಕಸುಬೂ ಕೂಡಿಯೇ ಉತ್ತರಿಸಬೇಕಾದ ಪ್ರಶ್ನೆಯೊಂದು ಇಂದು ಯಂತ್ರೋದ್ಯಮದ ಮುಂದಿದೆ. ಘರ್ಷಣೆಯನ್ನು ತಗ್ಗಿಸಲೆಂದು ಲೋಹಕ್ಕೆ ಬಳಿದ ಲೇಪವು ಸವೆದ ಮೇಲೆ ಎಲ್ಲಿಗೆ ಹೋಗುತ್ತದೆ?

ಹಿಂದಿನವರು ಚಕ್ಕಡಿಯ ಅಚ್ಚಿಗೆ ಔಡಲ ಎಣ್ಣೆಯಲ್ಲಿ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿ ಹಚ್ಚುತ್ತಿದ್ದರು. ಇದು ಕೇವಲ ಬಡವರ ಉಪಾಯವಾಗಿರಲಿಲ್ಲ. ಔಡಲ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಶೇಕಡಾ 85ರಿಂದ 90ರಷ್ಟು ರಿಸಿನೋಲಿಕ್ ಆಮ್ಲವಿದ್ದು, ಆ ಅಣುವಿನ ರಚನೆಯೇ ಲೋಹಕ್ಕೆ ಅಂಟಿಕೊಂಡು ತೆಳುವಾದ ಪದರವಾಗಿ ನಿಲ್ಲುವಂತಹದು. ಮೊದಲನೆಯ ಮಹಾಯುದ್ಧದ ಕಾಲದ ವಿಮಾನಗಳ ಎಂಜಿನುಗಳು ಇದೇ ಎಣ್ಣೆಯನ್ನುಂಡು ಹಾರಿದವು. ಇಂದು ಅಂಗಡಿಯಲ್ಲಿ ದೊರೆಯುವ ಲಿಥಿಯಂ ಗ್ರೀಸನ್ನು ಗಟ್ಟಿಗೊಳಿಸುವ ಅಂಶವೂ ಬಹುಮಟ್ಟಿಗೆ ಔಡಲದಿಂದಲೇ ಬಂದುದು. ಉಳಿದುದು ಸಾಮಾನ್ಯವಾಗಿ ಖನಿಜ ತೈಲ.

1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನಿಗೆ ಆಕಸ್ಮಿಕವಾಗಿ ದೊರೆತ ಟೆಫ್ಲಾನ್ ಈ ಕ್ಷೇತ್ರದ ಸ್ವರೂಪವನ್ನೇ ಬದಲಿಸಿತು. ದೋಸೆಯ ಕಾವಲಿಯಿಂದ ಯಂತ್ರದ ಬೇರಿಂಗಿನವರೆಗೆ ಅದು ಹಬ್ಬಿದೆ. ಅದರಲ್ಲಿರುವ ಇಂಗಾಲ ಮತ್ತು ಫ್ಲೂರಿನ್‌ಗಳ ಬಂಧವು ಅತಿ ಗಟ್ಟಿಯಾದುದರಿಂದ ಶಾಖಕ್ಕೂ ಆಮ್ಲಕ್ಕೂ ಅದು ಸುಲಭವಾಗಿ ಜಗ್ಗದು. ಮಣ್ಣಿನ ಸೂಕ್ಷ್ಮಜೀವಿಗಳಿಗೂ ಜಗ್ಗದು. ಗುಣವೇ ದೋಷವಾದ ಉದಾಹರಣೆಯಿದು. ಅದರ ತಯಾರಿಕೆಯಲ್ಲಿ ದಶಕಗಳ ಕಾಲ ಬಳಕೆಯಾದ ಪರ್ಫ್ಲೂರೋ ಆಕ್ಟನೋಯಿಕ್ ಆಮ್ಲವನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದಡಿ ನಿರ್ಮೂಲನೆ ಮಾಡಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಲಾಯಿತು.

ಹಾಗೆಂದು ಹಳೆಯದೆಲ್ಲವೂ ಹೊನ್ನೆಂದು ಕೊಂಡಾಡುವುದು ವಿವೇಕವಲ್ಲ. ಸಸ್ಯತೈಲವು ಗಾಳಿ ಶಾಖಗಳ ಸಂಪರ್ಕದಲ್ಲಿ ಗಟ್ಟಿಯಾಗಿ ಅಂಟಾಗುತ್ತದೆ, ಮೇಲಿಂದ ಮೇಲೆ ಹಚ್ಚಬೇಕಾಗುತ್ತದೆ, ಬೆಲೆಯೂ ಹೆಚ್ಚು. ಇದಕ್ಕಿಂತಲೂ ಎಚ್ಚರ ವಹಿಸಬೇಕಾದುದು ‘ಸಸ್ಯಜನ್ಯ’ ಎಂಬ ಚೀಟಿಯ ಬಗ್ಗೆ. ಬೀಜದ ಎಣ್ಣೆಯಿಂದ ಹುಟ್ಟಿದರೂ ರಾಸಾಯನಿಕವಾಗಿ ಹೆಣೆದು ಗಟ್ಟಿಮಾಡಿದ ಲೇಪವು ಮಣ್ಣಿನಲ್ಲಿ ಕರಗಲೇಬೇಕೆಂದಿಲ್ಲ. ಲೇಪವು ಸುಲಭವಾಗಿ ಕೊಳೆಯುವಂತಹದೆಂದು ಒಪ್ಪಬೇಕಾದರೆ ಅಂತರರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ 28 ದಿನಗಳೊಳಗೆ ಶೇಕಡಾ 60ರಷ್ಟು ವಿಘಟನೆಯಾಗಬೇಕು. ಮಾರುವವನು ಆ ಪರೀಕ್ಷಾಪತ್ರವನ್ನು ತೋರಿಸದಿದ್ದರೆ ಹಸಿರು ಬಣ್ಣದ ಡಬ್ಬಿಗೆ ಹೆಚ್ಚಿನ ಹಣ ತೆರಬೇಕಾದುದಿಲ್ಲ.

ಆದುದರಿಂದ ಎಲ್ಲ ಯಂತ್ರಗಳಿಗೂ ಒಮ್ಮೆಲೇ ಇದನ್ನು ಹೇರಬೇಕೆಂಬ ವಾದ ನಿಲ್ಲಲಾರದು. ವಿಮಾನದ ಬೇರಿಂಗಿಗೆ ಏನು ಬೇಕೆಂಬುದನ್ನು ತಜ್ಞರು ನಿರ್ಧರಿಸಲಿ. ಆದರೆ ಹಚ್ಚಿದ ಲೇಪವು ಮರಳಿ ಕೈಗೆ ಬಾರದೆ ನೇರವಾಗಿ ನೆಲಕ್ಕೆ ಬೀಳುವ ಕಡೆಗಳಿವೆ: ಮರಕೊಯ್ಯುವ ಗರಗಸದ ಸರಪಳಿ, ರಂಟೆ ಕುಂಟೆಗಳ ಕೀಲು, ತೆರೆದ ಹಲ್ಲುಗಾಲಿ. ಬದಲಾವಣೆ ಮೊದಲು ಇಲ್ಲಿ ಆಗಬೇಕು. ಗರಗಸದ ಸರಪಳಿಗೆ ಖನಿಜ ತೈಲವನ್ನು ಹಾಕದಂತೆ ಆಸ್ಟ್ರಿಯ ದೇಶವು 1990ರ ದಶಕದ ಆರಂಭದಲ್ಲಿಯೇ ನಿಯಮ ಮಾಡಿತು. ಸವದತ್ತಿಯ ಬಳಿ ಕಟ್ಟೆ ಹಾಕಿ ನಿಲ್ಲಿಸಿದ ಮಲಪ್ರಭೆಯ ನೀರನ್ನು ಹುಬ್ಬಳ್ಳಿ-ಧಾರವಾಡಗಳ ಜನ ಕುಡಿಯುತ್ತಾರೆ. ಈ ಕೊಳ್ಳದ ಹೊಲಗಳಲ್ಲಿ ಸುರಿದುದು ಮಳೆಯೊಡನೆ ಹಳ್ಳಗಳನ್ನು ಸೇರುತ್ತದೆಂಬುದನ್ನು ಒಕ್ಕಲಿಗನಿಗೆ ಯಾರೂ ಕಲಿಸಬೇಕಿಲ್ಲ.

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆ, ಲೇತಿನ ಅಂಗಡಿಗಳನ್ನು ನಡೆಸುವವರಲ್ಲಿ ಈ ಭಾಗದ ಶಾಲೆಗಳಲ್ಲಿ ಓದಿದವರು ಉಂಟು. ಅಂತಹವರು ಒಂದು ಯಂತ್ರವನ್ನಾದರೂ ಪ್ರಯೋಗಕ್ಕೆ ಬಿಟ್ಟುಕೊಟ್ಟರೆ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪಠ್ಯಪುಸ್ತಕದ ಘರ್ಷಣೆಯ ಪಾಠ ಕಣ್ಣೆದುರು ಬಂದೀತು. ಔಡಲ, ಹೊಂಗೆ, ಖನಿಜ ತೈಲ ಈ ಮೂರನ್ನೂ ಒಂದೇ ಬಗೆಯ ಕೀಲುಗಳಿಗೆ ಹಚ್ಚಿ ವರ್ಷವಿಡೀ ಸವೆತವನ್ನು ತೂಗಿ ಬರೆದಿಡಲು ಒಳ್ಳೆಯದೊಂದು ತಕ್ಕಡಿ ಬೇಕು. ದಾನಿಗಳು ಕೊಡಲು ಯೋಗ್ಯವಾದ ವಸ್ತುಗಳಲ್ಲಿ ಅದೂ ಒಂದು. ಒಂದು ಮಾತನ್ನು ಮಾತ್ರ ಮರೆಯುವಂತಿಲ್ಲ: ಬಳಸಿದ ಎಣ್ಣೆ ಔಡಲದ್ದೇ ಆಗಿರಲಿ, ಅದರಲ್ಲಿ ಲೋಹದ ಪುಡಿ ಬೆರೆತಿರುತ್ತದೆ. ಅದನ್ನು ಬೇರೆ ಡಬ್ಬಿಯಲ್ಲಿಯೇ ತೆಗೆದಿಡಬೇಕು.